ಈ ಬೆರಳು ಬೇಡ

ಹದಿನೇಳರಿಂದ ಅವಳ ಕೆಲಸ
ಡಬ್ಬಿ ಬಡಿದು ನೋಡುವುದು.
ಮಾತುಜಿನ್ಯುಸ್ ಬಂದರಿನ ಹಿಂಬದಿ, ಸಾರ್ಡೀನ್ ಕಾರ್ಖಾನೆ,
ಎಣ್ಣೆಯಲ್ಲಿ ಮಲಗಿದ ಮೀನು, ಮುಚ್ಚಿದ ತಗಡು,
ಬೆರಳ ಗೆಣ್ಣಿನಿಂದ ಟಕ್, ಟಕ್, ಟಕ್.
ಒಂದರ ದನಿ ಮಂಕಾದರೆ,
ಮುಚ್ಚಳ ಕೂದಲೆಳೆಯಷ್ಟು ಊದಿದ್ದರೆ
ಎತ್ತಿ ಪಕ್ಕಕ್ಕೆ.
ಒಳಗೇನಿದೆಯೆಂದು ಕೇಳಿದವಳಲ್ಲ.
ಹಿರಿಯಳು ಲೌರಿಂಡಾ ಹೇಳಿದ್ದಳು:
ಅದು ತಿಂದವನ ರೆಪ್ಪೆ ಮೊದಲು ಬೀಳುತ್ತದೆ,
ಆಮೇಲೆ ನಾಲಿಗೆ, ಆಮೇಲೆ ಉಸಿರು.

ಇವತ್ತು ಆ ಎರ್ಮೆಲಿಂಡಾ ನನ್ನ ಮುಂದೆ.
ಎಡಗೈಯನ್ನು ಬಲಗೈಯಲ್ಲಿ ಹೊತ್ತು ತಂದಿದ್ದಾಳೆ
ಬೇರೆಯವರ ಮಗುವನ್ನು ಎತ್ತಿಕೊಂಡ ಹಾಗೆ.
ಲಕ್ವ ಹೊಡೆದು ಹದಿನಾಲ್ಕು ತಿಂಗಳು.
ಮೊಣಕೈ ಮಡಚಿ ಎದೆಗೆ ಅಂಟಿದೆ,
ಉಗುರು ನೆಟ್ಟು ಅಂಗೈಯಲ್ಲಿ ನಾಲ್ಕು ಅರ್ಧಚಂದ್ರ.
ಮುಷ್ಟಿ ಬಿಚ್ಚಿ ತೊಳೆಯಲಾಗದೆ ಹುಳಿ ವಾಸನೆ;
ಇದನ್ನು ಹೇಳುವಾಗ ಮಾತ್ರ
ಅವಳು ಕಿಟಕಿಯಾಚೆ ನೋಡಿದಳು.

ಔಷಧದ ಹೆಸರು ಹೇಳಿದೆ.
ನಕ್ಕಳು, ಬಾಯಿಯ ಬಲಪಕ್ಕದಿಂದ.
"ಮೂವತ್ತೊಂದು ವರ್ಷ ಹೆಕ್ಕಿ ಹೆಕ್ಕಿ ಎಸೆದದ್ದು
ಇಷ್ಟು ಚಿಕ್ಕ ಸೀಸೆಯಲ್ಲಿ ಕೂತಿದೆಯಾ ಡಾಕ್ಟರ್?
ಹಾಗಾದರೆ ನನ್ನ ಬಾಕಿ ನನಗೇ ಬಂತು."

ಹೌದು, ಅದೇ. ಆದರೆ ಅಳೆದು.
ಉಪ್ಪುನೀರಲ್ಲಿ ಮೆಲ್ಲಗೆ ಕರಗಿಸಿ, ಕುಲುಕದೆ.
ಈ ವಿಷಕ್ಕೆ ಒರಟುತನ ಆಗದು.

ಕೈಮೇಲೆ ಪೆನ್ನಿನಿಂದ ಗುರುತು ಹಾಕುತ್ತೇನೆ.
ಸ್ನಾಯು ಉದ್ದ. ಎಲ್ಲಿ ಬೇಕೆಂದರಲ್ಲಿ ಚುಚ್ಚುವಂತಿಲ್ಲ.
ನರ ಬಂದು ಬಾಗಿಲು ತಟ್ಟುವ ಜಾಗವೊಂದಿರುತ್ತದೆ,
ಅಲ್ಲೇ, ಹೊಸ್ತಿಲಲ್ಲೇ, ಮಾತು ತಡೆಯಬೇಕು.
ಎರಡು ಬೆರಳಗಲ ತಪ್ಪಿದರೆ ವಿಷ ಪಕ್ಕದ ಮನೆಗೆ ಹೋಗುತ್ತದೆ,
ತಪ್ಪು ಮಾಡದ ಸ್ನಾಯು ಸುಮ್ಮನೆ ಸೋಲುತ್ತದೆ.

ತೋಳಿನ ಮುಂಭಾಗಕ್ಕೆ ಎರಡು: ಮೊಣಕೈ ಇಳಿಯಲಿ, ಅಂಗಿ ತೊಡಲಿ.
ಮಣಿಕಟ್ಟು ಬಗ್ಗಿಸುವ ಜೋಡಿಯಲ್ಲಿ ಕಿರುಬೆರಳ ಕಡೆಯದಕ್ಕೆ ಒಂದು.
ಸೂಜಿಗೆ ತಂತಿ, ತಂತಿಗೆ ಸ್ಪೀಕರ್;
ಒಳಹೊಕ್ಕೊಡನೆ ಕೋಣೆಯ ತುಂಬ ಚಟಪಟ.
"ಎಣ್ಣೆ ಕಾದಿದೆ" ಅಂದಳು, ಕಣ್ಣು ಮುಚ್ಚಿ.

ಆಮೇಲೆ ಬೆರಳುಗಳು.
ಪರದೆಯ ಮೇಲೆ ಬೂದಿಬಣ್ಣದ ಪದರ.
ಕಿರುಬೆರಳನ್ನು ಎಳೆದರೆ ಒಂದು ಎಳೆ ಜಾರುತ್ತದೆ,
ಉಂಗುರಬೆರಳಿಗೆ ಅದರ ಪಕ್ಕದ್ದು.
ಹೊರಗೆ ಒಂದೇ ಮಾಂಸ, ಒಳಗೆ ನಾಲ್ಕು ಪಾಲು,
ಅಣ್ಣತಮ್ಮಂದಿರು ಗೋಡೆ ಹಾಕಿಕೊಂಡ ಹಾಗೆ.
ನಾಲ್ಕಕ್ಕೂ ಗುರುತು ಹಾಕಿದೆ.

"ಇದು ಬೇಡ."
ಬಲಗೈ ಚಾಚಿ ಅವಳು ಮುಟ್ಟಿದ್ದು
ತೋರುಬೆರಳಿನ ಪಾಲಿಗೆ ಬಿದ್ದ ಗುರುತನ್ನು.
"ಈ ಬೆರಳಿಗೆ ಚೀಲ ಸಿಕ್ಕಿಸುತ್ತೇನೆ.
ಬ್ರೆಡ್ಡು, ಆಲೂಗಡ್ಡೆ, ಗಂಡನ ಸಿಗರೇಟು.
ಬಲಗೈ ಮೆಟ್ಟಿಲ ಕಂಬಿಗೆ ಬೇಕಲ್ಲ?
ಇದನ್ನೂ ನೀವು ಮಲಗಿಸಿದರೆ
ಮೂರನೇ ಮಹಡಿ ಅವನೇ ಹತ್ತಿಳಿಯಬೇಕು.
ಅವನ ಮಂಡಿ ನೀವು ನೋಡಿಲ್ಲ."

ಹನ್ನೊಂದು ವರ್ಷದಿಂದ ಬಿಗಿತವನ್ನು
ರೋಗ ಅಂತಲೇ ಬರೆದುಕೊಂಡವಳು ನಾನು.
ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಟ್ಟವಳು.
ಕೊಕ್ಕೆ ಅಂತ ಒಂದು ಕಾಲಂ
ಆ ಹಾಳೆಯಲ್ಲಿ ಇಲ್ಲ.

ಸ್ಪಿರಿಟ್ಟಿನ ಹತ್ತಿಯಿಂದ ಆ ಗುರುತು ಒರೆಸಿದೆ.
ನೀಲಿ ಪೂರ್ತಿ ಹೋಗಲಿಲ್ಲ.

ಉಳಿದ ಮೂರಕ್ಕೆ ಚುಚ್ಚಿದೆ.
ಹತ್ತು ದಿನಕ್ಕೆ ಬಿಡಿಸಿಕೊಂಡಾವು, ಸೋಪು ಒಳಹೋದೀತು,
ಮೂರು ತಿಂಗಳಿಗೆ ಮತ್ತೆ ಮುಚ್ಚಿಕೊಂಡಾವು,
ಮತ್ತೆ ಪೆನ್ನು, ಮತ್ತೆ ಸೀಸೆ.
ಎಲ್ಲ ಹೇಳಿದೆ. ತಲೆಯಾಡಿಸಿದಳು,
ಪಾಳಿ ಬದಲಾವಣೆಯ ವಿಷಯ ಕೇಳಿದವಳಂತೆ.

ಹೊರಡುವಾಗ ಎಡ ತೋರುಬೆರಳಿಗೆ ಚೀಲ ಸಿಕ್ಕಿಸಿ
ನನ್ನ ಮೇಜಿನ ಖಾಲಿ ಸೀಸೆಗೆ
ಬಲಗೈ ಗೆಣ್ಣಿನಿಂದ ಒಮ್ಮೆ ಬಡಿದು,
ಕಿವಿಗೊಟ್ಟು,
"ಇದು ಸರಿಯಿದೆ" ಅಂದಳು.