ಬಾ.ಬೀ.

ಜಲಮಂಡಳಿಯ ಉಪವಿಭಾಗ, ಮಹಾಲಕ್ಷ್ಮಿ ಲೇಔಟು,
ಸಂಜೆ ಆರೂಕಾಲು. ಜಯಶೀಲಮ್ಮ ಕಸ ಗುಡಿಸಿ
ಅರ್ಧ ಲೈಟು ಆರಿಸಿ ಹೋಗಿದ್ದಾಳೆ.
ಪಿಪ್ ಇನ್‌ಸ್ಟಾಲ್ ಅಂತ ಒತ್ತುತ್ತೇನೆ.
ನಾಲ್ಕು ಸಾಲು ಸರಸರ ಇಳಿದು ಐದನೆಯದು ಕೆಂಪು:
ಎರರ್ ಹದಿಮೂರು. ಅನುಮತಿ ಇಲ್ಲ.

ಹದಿನೇಳು ವರ್ಷ ನೀರಿನ ಮೀಟರು ಓದಿದವಳು,
ನನಗೇನು ಹೊಸ ಮಾತೇ ಇದು?
ಕುರುಬರಹಳ್ಳಿಯ ಗೇಟುಗಳು ದಿನಾ ಹೇಳುತ್ತವೆ:
ಒಂದು, ನಾಯಿಯ ಬಾಯಿಂದ.
ಒಂದು, ಕಿಟಕಿಯ ಪರದೆ ಚೂರೇ ಸರಿಸಿ.
ಒಂದು, "ಯಜಮಾನರಿಲ್ಲ, ನಾಳೆ ಬನ್ನಿ" ಅಂತ,
ಒಳಗೆ ಯಜಮಾನರು ಕೆಮ್ಮುತ್ತಿರುವಾಗಲೇ.
ಪುಸ್ತಕದಲ್ಲಿ ಬಾ.ಬೀ. ಅಂತ ಬರೆದು ಮುಂದೆ ಹೋಗುತ್ತೇನೆ.
ಬಾಗಿಲು ಬೀಗ.
ಕಾಂಪೌಂಡು ಹಾರಿದವಳಲ್ಲ.
ಒಮ್ಮೆ ಹಾರಿದ್ದೆ. ಸೀರೆ ಹರಿಯಿತು,
ಮೀಟರು ಮಣ್ಣಲ್ಲಿ ಹೂತಿತ್ತು. ಬಿಡಿ.

ಫೋನಿನಲ್ಲಿ ಡೆನ್ಸಿಲ್: "ಸುಡೋ ಹಾಕಿ ಮೇಡಂ, ಆಗೋಗತ್ತೆ."
ಆಗೋಗತ್ತೆ, ಗೊತ್ತು. ಹೋದ ಯುಗಾದಿಗೆ ಹಾಗೇ ಆಗಿ
ಬಿಲ್ಲಿನ ಪ್ರಿಂಟರು ಮೂರು ದಿನ ಮಾತು ಬಿಟ್ಟಿತ್ತು,
ಕೌಂಟರಿನ ಸಾಲು ಇಡ್ಲಿ ಅಂಗಡಿ ಮುಟ್ಟಿತ್ತು,
ಸಾಹೇಬರು ನನ್ನನ್ನು ನೋಡದೆ
ನನ್ನ ಬಗ್ಗೆ ಮಾತಾಡಿದ್ದರು.

ರೂಟು ಅಂದರೆ ನನಗೆ ಗೊತ್ತಿದ್ದದ್ದು ಒಂದೇ:
ಹನ್ನೊಂದನೇ ಕ್ರಾಸಿನಿಂದ ಶುರು, ರಾಜಕಾಲುವೆ ದಾಟಿ
ಗಣಪನ ಗುಡಿ ಬಲಕ್ಕೆ ಬಿಟ್ಟು ಮುನ್ನೂರ ಎಂಬತ್ತು ಮನೆ.
ಇಲ್ಲಿ ರೂಟು ಅಂದರೆ ಮಾಲೀಕ. ಊರೆಲ್ಲಾ ಅವನದು.
ಪಟ್ಟಿ ತೆಗೆದರೆ ಸಾಲಿಗೆರಡು ಸಲ
ರೂಟು ರೂಟು, ರೂಟು ರೂಟು.
ಹೋಗಲಿ ಅಂದರೆ, ನನ್ನ ಹೆಸರಿನ ಫೋಲ್ಡರಿನೊಳಗೇ
ಒಂದು ಗೂಡು ಅವನ ಹೆಸರಿಗಿದೆ!
ಯುಗಾದಿಯಲ್ಲಿ ನಾನೇ ಕರೆದು ಕೂರಿಸಿದ್ದು.

ಅದನ್ನು ಬಿಡಿಸಿಕೊಳ್ಳಲಿಕ್ಕೂ ಸುಡೋನೇ ಬೇಕು.
ನನ್ನದನ್ನು ನನ್ನ ಹೆಸರಿಗೆ ಮಾಡಿಕೊಡಪ್ಪಾ ಅಂತ
ಅವನ ವೇಷದಲ್ಲೇ ನಿಂತು ಅವನಿಗೇ ಅರ್ಜಿ.
ಒಂದೇ ಸಲ, ಅಷ್ಟಕ್ಕೆ ಮಾತ್ರ.
ಎಂಟರ್ ಒತ್ತಿದೆ. ಯಂತ್ರ ಏನೂ ಹೇಳಲಿಲ್ಲ.
ಮೌನವೇ ಸಮ್ಮತಿ, ಇದರ ಜಾತಿಗೆ.
ಅಮ್ಮನ ಮನೆಯ ಖಾತೆ ಬದಲಾಗಲು
ಹನ್ನೊಂದು ತಿಂಗಳು ಹಿಡಿದಿತ್ತು.

ಆಮೇಲೆ ನನ್ನ ಜಾಗದಲ್ಲೇ ಒಂದು ಬೇರೆ ಕೋಣೆ ಕಟ್ಟಿದೆ,
"ಅಡುಗೆಮನೆ" ಅಂತ ಹೆಸರಿಟ್ಟೆ.
ಒಳಗೆ ಕಾಲಿಟ್ಟರೆ ಸಾಲಿನ ತಲೆಗೆ ಆ ಹೆಸರು ಮೂಡುತ್ತದೆ
ಕಂಸದಲ್ಲಿ, ಬೊಗಸೆಯಲ್ಲಿ ಹಿಡಿದ ಹಾಗೆ.
ಇಲ್ಲಿ ಒಗ್ಗರಣೆ ಸೀದರೆ ಸೀಯುವುದು ನನ್ನ ಬಾಣಲೆ.
ಪ್ರಿಂಟರಿನ ನಿದ್ದೆ ಕೆಡುವುದಿಲ್ಲ.

ಪಿಪ್ ಇನ್‌ಸ್ಟಾಲ್. ಸರಸರ, ಸರಸರ.
ಕೆಂಪು ಬರಲಿಲ್ಲ.

ಏಳೂಮುಕ್ಕಾಲಿಗೆ ಆರು ವರ್ಷದ ರೀಡಿಂಗು
ಗೆರೆಗೆರೆಯಾಗಿ ಎದ್ದು ನಿಂತವು: ಬೀಗರು ಬಂದ ತಿಂಗಳ ಉಬ್ಬು,
ಬೋರು ಬತ್ತಿದ ಏಪ್ರಿಲ್ಲು, ಹೆರಿಗೆಗೆ ಬಂದ ಮಗಳು.
ಒಂದು ಗೆರೆ ಮಾತ್ರ ಅಡಿಪಟ್ಟಿ ಇಟ್ಟು ಎಳೆದಂತೆ ನೆಟ್ಟಗೆ.
ಹದಿನಾರನೇ ಮೇನು, ನಲವತ್ತೊಂದು ಬಾರ್ ಎರಡು.
ಹದಿನಾಲ್ಕು ತಿಂಗಳು ಸರಾಸರಿ ಬಿಲ್ಲು,
ಹದಿನಾಲ್ಕು ಸಲ ನನ್ನದೇ ಕೈಬರಹ: ಬಾ.ಬೀ.

ಆದರೆ ಆ ಬಾಗಿಲಲ್ಲಿ ದಿನಾ ರಂಗೋಲಿ ಇರುತ್ತದೆ.
ತುಳಿಯದೆ ಪಕ್ಕಕ್ಕೆ ಸರಿದು ನಿಂತೇ ಬರೆದವಳು ನಾನು,
ತೊಳೆದ ನೀರು ಇನ್ನೂ ಮೋರಿಗೆ ಹರಿಯುತ್ತಿರುವಾಗ.

ನಾಳೆ ರೂಟು ಅಲ್ಲಿಂದಲೇ ಶುರು.
ಕಾಂಪೌಂಡು ಗಿಡ್ಡದು.
ಬೆಲ್ಲು ಒತ್ತಿ ನಿಲ್ಲುತ್ತೇನೆ.