ಬಲಗಣ್ಣಿಗೆ ಹುಬ್ಬಳ್ಳಿ

ಬಲಗಣ್ಣಿನ ಪೊರಿ ತಗಸಿ ಹದಿನೇಳು ದಿನ.
ಎಡದ್ದು ದೀಪಾವಳಿ ಆದಮ್ಯಾಲ, ಅಂದಾರ ಡಾಕ್ಟರು.
ತಪಾಸಣಿ ಮುಗಿಸಿ ಹೊರಗ ಬಂದು
ಕರೀ ಚಸ್ಮಾ ಮೂಗಿನ ಮ್ಯಾಲ ಏರಿಸಿಕೊಂತ
ಬನವ್ವ ಚಿಗವ್ವ ಅಂದ್ಲು:
"ಕಣ್ಣಿಗೆ ರೊಕ್ಕ ಕೊಟ್ಟೀನಿ. ಊರು ತೋರಸು."

ಮೇ ತಿಂಗಳು, ಹನ್ನೊಂದೂವರಿ.
ಚೆನ್ನಮ್ಮನ ಸರ್ಕಲ್ಲಿನ್ಯಾಗ
ಕಲ್ಲಂಗಡಿ ಗಾಡಿಯವ ಗಾಡಿ ಬಿಟ್ಟು
ಅದರ ಕೆಳಗ ಮಲಗ್ಯಾನ.
ಡಾಂಬರು ಚಪ್ಪಲಿ ಹಿಡಕೊಂಡು ಬಿಡವಲ್ತು.
"ಇಂಥಾ ಬಿಸಲಾಗ ಕರೀ ಸೀರಿ ಉಟ್ಕೊಂಡು ಬಂದೀಯಲ್ಲ,
ಬುದ್ಧಿ ಐತೇನ ನಿನಗ?"

ನಾ ಸುಮ್ನಿದ್ದೆ.
ಸೀರಿ ಆಕೀನ ನೇದದ್ದು.
ಎರಡು ವರ್ಷದ ಹಿಂದ, ನನ್ನ ಮಗಳ ತೊಟ್ಟಲಕ್ಕ,
ಬೆಟಗೇರಿ ಮನ್ಯಾಗ, ಮಗ್ಗದ ಕುಣ್ಯಾಗ ಕಾಲು ಇಳೇಬಿಟ್ಟು
ಆಕಿ ನೇದ ಕಡೀ ಸೀರಿ.

ಮೊದ್ಲ ಸ್ಟೇಷನ್ನು.
ಜಗತ್ತಿನ್ಯಾಗ ಎಲ್ಲಾಕಿಂತ ಉದ್ದಂದು ಈ ಪ್ಲಾಟ್‌ಫಾರ್ಮು, ಅಂದೆ.
ಆಕಿ ಕಂಬ ಎಣಿಸಿಕೊಂತ ನಡದ್ಲು, ಐದನೇದ್ದಕ್ಕ ನಿಂತ್ಲು.
ಹಳಿಗೋಳು ಬಿಸಲಾಗ ಅಲ್ಲಾಡತಿದ್ವು, ನೀರಾಗಿನ ಎಳಿಯಂಗ.
"ಇಷ್ಟುದ್ದ ಹಾಸು ಯಾರು ಹಾಕ್ಯಾರವ್ವ!
ಉದ್ದ ಐತಿ ಅಂತ ನಂಬತೀನಿ. ನಡಿ."

ದುರ್ಗದ ಬೈಲಿನ್ಯಾಗ ಅಂಗಡಿ ಮುಂದೆಲ್ಲಾ ತೊಯಿಸಿದ ತಟ್ಟು.
ಮಿರ್ಚಿಯವನ ಬಾಣಲಿಗೆ ಬೆಂಕಿನ ಇಲ್ಲ.
ಸೋಡಾ ಕುಡದ್ವಿ. ಅರ್ಧ ಕುಡದು
ಉಳಿದದ್ದನ್ನ ಆಕಿ ಪಾದಕ್ಕ ಸುರಕೊಂಡ್ಲು.
ಆಮ್ಯಾಲ ಕಾಯಿಪಲ್ಲೆ ಬುಟ್ಟಿ ಮುಂದ ಕುಂತಬಿಟ್ಲು.
"ಟಮಾಟಿ ಇಷ್ಟು ಕೆಂಪು ಇರತಿದ್ವೇನ?"
ಮಾರಾಕಿ ನನ್ನ ಮಾರಿ ನೋಡಿದ್ಲು.
ಕಾಲು ಕಿಲೋ ತಗೊಂಡ್ವಿ, ಮರ್ಯಾದಿಗೆ.

ಗಾಜಿನ ಮನಿ, ನೃಪತುಂಗ ಬೆಟ್ಟ ಇನ್ನೂ ಇದ್ವು ಯಾದಿಯೊಳಗ.
ಚಿಗರಿ ಬಸ್ಸಿನ ಬಾಗ್ಲಾ ತೆರೀತು,
ಒಳಗಿನ ತಂಪು ಬಂದು ಇಬ್ಬರ ಕೈ ಹಿಡೀತು.
"ಯಾವ ಬೆಟ್ಟಾನೂ ಬ್ಯಾಡ," ಅಂದ್ಲು ಚಿಗವ್ವ,
"ಬೇಕಂದ್ರ ಅವ ಬರಲಿ ಕಿಡಕಿ ಮುಂದ."

ಬಂದದ್ದು ಉಣಕಲ್ ಕೆರಿ.
ನೀರಿಗೆ ಬಡದ ಬಿಸಲು ಹಾರಿ ಬಸ್ಸಿನೊಳಗ ಬಿತ್ತು.
ನೋಡು, ಕೆರಿ, ಅಂದೆ.
ಆಕಿ ಕೆರಿ ನೋಡಲಿಲ್ಲ. ಚಸ್ಮಾ ತಗದು
ನನ್ನ ತೊಡಿಮ್ಯಾಲಿನ ನೆರಗಿ ಹಿಡದ್ಲು.
ಬಲಗಣ್ಣು ಮುಚ್ಚಿದ್ಲು. ತೆರದ್ಲು.
ಎಡಗಣ್ಣು ಮುಚ್ಚಿದ್ಲು.
ಮತ್ತ ಬಲಗಣ್ಣು.

ಒಂದಕ್ಕ ಚಂದ್ರಕಾಳಿ.
ಒಂದಕ್ಕ ನೀಲಿ, ಮಸಿ ದೌತಿ ಚಲ್ಲಿದಂಗ.

"ನಿನಗ ಗೊತ್ತಿತ್ತು."
"ಹೂಂ."
"ಉಟ್ಟಿ, ಮತ್ತ."
"ಹೂಂ."
ನವಲೂರು ಬರೂತನಕ ಮಾತಿಲ್ಲ.
ಆಮ್ಯಾಲ ಬಟ್ಟು ಮಡಚಿಕೊಂತ ಎಣಿಸಾಕ ಹತ್ತಿದ್ಲು:
ರೋಣದ ಮಾಸ್ತರಬಾಯಿ. ಸವಣೂರಿನಾಕಿ, ಸೊಸಿ ಬಯಕಿಗೆ ಒಯ್ದಾಕಿ.
ಲಕ್ಕುಂಡಿ ಅಕ್ಕ ತಂಗಿ, ಜೋಡಿಗೆ ಜೋಡಿ.
ಎಲ್ಲಾ ಕೂಡಿ ಹದಿನಾಲ್ಕು.
ಎಲ್ಲಾರೂ ಕರೀದು ಕೇಳಿದಾರು.
ಎಲ್ಲಾರೂ ರೊಕ್ಕ ಎಣಿಸಿ ಕೊಟ್ಟಾರು.
"ಒಬ್ಬಾಕೀನೂ ತಿರುಗಿ ತರಲಿಲ್ಲಲ್ಲ," ಅಂದ್ಲು.
ಸಿಟ್ಟೋ, ಇನ್ನೇನೋ, ನನಗ ತಿಳೀಲಿಲ್ಲ.

ಜುಬಿಲಿ ಸರ್ಕಲ್ಲು. ಎಲ್ಲಾರೂ ಇಳದ್ರು.
ಇಳಿಯೂನು, ಪೇಢಾ ತಗೊಳ್ಳೂನು, ಅಂದೆ.
"ಹೊರಗ ಬೆಂಕಿ ಐತಿ. ಈ ಬಸ್ಸು ತಿರುಗಿ ಹೊಕ್ಕೈತಿ ಹೌದಿಲ್ಲೋ?"
ಓಡಿ ಹೋಗಿ ಮತ್ತೆರಡು ಟಿಕೀಟು ತಂದೆ.

ಬರೂವಾಗ ದಾರಿ ತುಂಬ
ಎಡಗಣ್ಣು ಅಂಗೈಲೆ ಮುಚ್ಚಿಕೊಂಡು ಕುಂತಿದ್ಲು,
ಕಿಡಕಿಗೆ ಹಣಿ ಹಚ್ಚಿ.
ನವನಗರದ ಗುಲ್‌ಮೊಹರ್ ಹೋತು,
ಹಳದಿ ಆಟೋ, ಯಾರದೋ ಮಾಳಗಿ ಮ್ಯಾಲ ಒಣಗೂ ಚಾದರ,
ಒಂದನ್ನೂ ಬಿಡಲಿಲ್ಲ ಆ ಹದಿನೇಳು ದಿನದ ಕಣ್ಣು.

ಕೆರಿ ಬಂತು, ಅಂದೆ.
"ಕಂಡೈತಿ," ಅಂದ್ಲು. "ನೀ ಸೆರಗು ಈಕಡೆ ಎಳಕೋ.
ಬಿಸಲಿಗೆ ಬಿಟ್ರ
ನೀಲಿ ಲಗೂನ ಹೊಕ್ಕೈತಿ."