ಮೂರು ಮೊಳದ ಹಡಗು

ಆ ಬೇಸಗೆ ಗ್ಲಾಸ್ಗೋದಲ್ಲಿ, ಕೆಲ್ವಿನ್ ಹೊಳೆಯ ದಂಡೆಗೆ
ಮರದ ಅರಮನೆಯೊಂದು ಎದ್ದಿತ್ತು: ಗುಮ್ಮಟ, ಮಿನಾರು.
ಚಳಿ ಬೀಳುವ ಮೊದಲೇ ಬಿಚ್ಚಿಬಿಡುತ್ತಾರಂತೆ.
ತಲೆಗೊಂದು ಷಿಲಿಂಗು, ನನಗೆ ಅರ್ಧ.
ನಾಣ್ಯವನ್ನು ಅಪ್ಪ ಮೂರು ಸಲ ತಿರುವಿ ಕೊಟ್ಟ.

ಗೋವನ್ನಿನಲ್ಲಿ ಅವನಿಗೆ ಕಿವುಡ ಡೂಗಲ್ಡ್ ಎನ್ನುತ್ತಿದ್ದರು.
ಬೈಗುಳವಲ್ಲ. ಬಡಗಿ, ಕಮ್ಮಾರ ಅಂದ ಹಾಗೆ
ಅದೂ ಒಂದು ಕಸುಬು.
ಹತ್ತೊಂಬತ್ತು ವರ್ಷ ಹಡಗುಗಳ ಹೊಟ್ಟೆಯೊಳಗೆ ಕೂತು
ಕೆಂಡದಂಥ ರಿವೆಟ್ಟುಗಳನ್ನು ಒತ್ತಿ ಹಿಡಿದವನು,
ಹೊರಗಿನವರು ಬಡಿಯುವಷ್ಟು ಹೊತ್ತು.
ನನ್ನ ಮಾತೆಲ್ಲ ಅವನ ಅಂಗೈಯಲ್ಲಿ, ಬೆರಳಿನಿಂದ.

ಯಂತ್ರಗಳ ಅಂಕಣದಲ್ಲಿ ಹೆಂಗಸರು ಕಿವಿ ಮುಚ್ಚಿಕೊಂಡು ಓಡಿದರು.
ಅಪ್ಪ ಟೋಪಿ ತೆಗೆದು ನಿಂತ, ಚರ್ಚಿನಲ್ಲಿ ನಿಂತ ಹಾಗೆ.
ಬಿಸ್ಕತ್ತಿನ ಯಂತ್ರದವಳು ನನಗೊಂದು ಪುಕ್ಕಟೆ ಕೊಟ್ಟಳು, ಬಿಸಿ ಬಿಸಿ.
ಅರ್ಧ ಮುರಿದು ಅಪ್ಪನ ಜೇಬಿಗೆ ಹಾಕಿದೆ.

ಚಿತ್ರಶಾಲೆಯಲ್ಲಿ ಹಸುಗಳು, ಮಂಜು, ಸತ್ತ ರಾಣಿಯರು.
"ನಮ್ಮ ನದಿ ಎಲ್ಲಿ?" ಎಂದ ಅಪ್ಪ,
ತನ್ನ ದನಿಯ ಗಾತ್ರ ಗೊತ್ತಿಲ್ಲದವನ ದನಿಯಲ್ಲಿ.
ಮೀಸೆಯವನೊಬ್ಬ ತಿರುಗಿದ.
ನಾನು ನನ್ನ ಬೂಟು ನೋಡಿಕೊಂಡೆ.

ಆಮೇಲೆ ಅದು ಸಿಕ್ಕಿತು.
ಗಾಜಿನ ಪೆಟ್ಟಿಗೆಯಲ್ಲಿ 'ಲೇಡಿ ಮಾರ್ವನ್', ಮೂರು ಮೊಳ ಉದ್ದ,
ಹಿತ್ತಾಳೆಯ ಲಂಗರು, ರೇಷ್ಮೆಯ ಹಗ್ಗ,
ಕೆಳಗೆ ಒಡೆಯರ ಹೆಸರು, ಚಿನ್ನದ ಅಕ್ಷರ.
ಅಪ್ಪ ಬಗ್ಗಿದ. ಉಸಿರಿಗೆ ಗಾಜು ಮಸುಕಾಯಿತು, ತೋಳಿನಿಂದ ಒರೆಸಿದ.
ಎಡಮಗ್ಗುಲಿನ ಏಳನೆಯ ಸಾಲು ಹುಡುಕುತ್ತಿದ್ದ.

ಅಲ್ಲೇ ನಿನಿಯನ್, ಹನ್ನೆರಡರ ಹುಡುಗ,
ರಿವೆಟ್ಟು ಕಾಯಿಸಿ ಎಸೆಯುತ್ತಿದ್ದವನು,
ಅಟ್ಟಣಿಗೆಯಿಂದ ಜಾರಿದ್ದು.
ಕೂಗಿದನಂತೆ. ಎಲ್ಲರಿಗೂ ಕೇಳಿಸಿತಂತೆ.
ಅಪ್ಪ ಬೆನ್ನು ತಿರುಗಿಸಿ ಇಕ್ಕಳ ಚಾಚಿ
ಮುಂದಿನ ಕೆಂಡಕ್ಕೆ ಕಾಯುತ್ತಲೇ ಇದ್ದ.

ಹಡಗಿನ ಮೈ ನುಣ್ಣಗಿತ್ತು.
ಒಂದೇ ಮರದ ತುಂಡು, ಕೆತ್ತಿ, ಕರಿ ಬಣ್ಣ ಬಳಿದು, ಉಜ್ಜಿ.
ಒಂದು ರಿವೆಟ್ಟೂ ಇರಲಿಲ್ಲ.

ಸಂಜೆ ದೊಡ್ಡ ಸಭಾಂಗಣದಲ್ಲಿ ಆರ್ಗನ್ ನುಡಿಸಿದರು.
ಮುಂದಿನ ಬೆಂಚಿನ ಬೆನ್ನಿಗೆ ಅಂಗೈ ಆನಿಸಿ ಕೂತಿದ್ದ ಅಪ್ಪ
"ಬಡಿಯುತ್ತಿದ್ದಾರೆ," ಎಂದ, "ದೂರದಲ್ಲಿ, ಯಾವುದೋ ಯಾರ್ಡಿನಲ್ಲಿ."

ಮರಳುವಾಗ, ನದಿ ದಾಟುವ ದೋಣಿಯಲ್ಲಿ
ಅವನ ಕೈ ತೆರೆದು ಬರೆದೆ:
ಆ ಹುಡುಗನ ದನಿ ಹೇಗಿತ್ತು?
ಅಪ್ಪ ಬಹಳ ಹೊತ್ತು ನೀರು ನೋಡಿದ.
ದಂಡೆಯುದ್ದಕ್ಕೂ ಕಟ್ಟಿ ಮುಗಿಯದ ಹಡಗುಗಳು,
ಪಕ್ಕೆಲುಬು ಎಣಿಸಬಹುದಿತ್ತು.
ಜೇಬಿನಿಂದ ಆ ಅರ್ಧ ಬಿಸ್ಕತ್ತು ತೆಗೆದ, ತಣ್ಣಗಾಗಿತ್ತು,
ಎರಡು ಹೆಜ್ಜೆ ಹಿಂದೆ ಸರಿದು
ನನ್ನತ್ತ ಎಸೆದ.

ಹಿಡಿದೆ.